ಪಿಯಾನೊ ಮುಂದೆ ಕೂತ ಕ್ಲಾರಾ

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ವೇದಿಕೆಯ ತುಂಬ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಅದರ ಮುಂದೆ ಕೋಲು ಹಿಡಿದು ನಿಂತವನು ಜರ್ಮನಿಯ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್, ಪಕ್ಕದಲ್ಲಿ ನಾರ್ವೆಯ ಪ್ರಸಿದ್ಧ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಸಂಜೆ ಲೋಕ ಮೊದಲ ಸಲ ಕೇಳಿದ್ದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು. ಅವುಗಳನ್ನು ರಚಿಸಿದವನು ಎಂಟು ತಿಂಗಳ ಹಿಂದೆಯೇ, 85ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ್ದ. ಹಾಗಾದರೆ ಈ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ಯಾರು? ಮೈಸೂರಿನ ಜಯಚಾಮರಾಜ ಒಡೆಯರು. ಆಗಷ್ಟೇ ಗಣರಾಜ್ಯವಾಗಿದ್ದ ಭಾರತದಲ್ಲಿ ಅವರು ಮೈಸೂರಿನ ರಾಜಪ್ರಮುಖರಾಗಿದ್ದರು. ಶ್ರೀವಿದ್ಯೆಯ ಉಪಾಸಕರಾಗಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ಅದೇ ಒಡೆಯರು.

ಸ್ಟ್ರಾಸ್‌ನ ಆ ನಾಲ್ಕು ಗೀತೆಗಳು ಒಂದು ದೊಡ್ಡ ಮರದ ಕಟ್ಟಕಡೆಯ ಹೂಗಳು ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಆ ಮರಕ್ಕೆ ಯೂರೋಪಿನವರು ಇಟ್ಟ ಹೆಸರು ರೊಮ್ಯಾಂಟಿಕ್ ಸಂಗೀತ.

ಕನ್ನಡದ ಓದುಗರಿಗೆ ಈ ಮಾತು ಅಪರಿಚಿತವೇನಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಪುಸ್ತಕದ ಕೈ ಹಿಡಿದು ವರ್ಡ್ಸ್‌ವರ್ತ್, ಶೆಲ್ಲಿ ಮುಂತಾದವರು ಕನ್ನಡದ ಅಂಗಳಕ್ಕೆ ಬಂದರು. ವಿಮರ್ಶಕರು ಆ ಪಂಥಕ್ಕೆ ‘ರಮ್ಯ’ ಎಂಬ ಚೆಂದದ ಹೆಸರನ್ನೂ ಕೊಟ್ಟರು. ಸಿನಿಮಾದಲ್ಲಿ ನಾಯಕ ನಾಯಕಿ ಮರ ಸುತ್ತುವುದಕ್ಕೂ ಇದಕ್ಕೂ ಅಂಥ ನಂಟಿಲ್ಲ. ಬುದ್ಧಿಗಿಂತ ಭಾವ ದೊಡ್ಡದು, ಸಭೆಗಿಂತ ಒಂಟಿ ಮನಸ್ಸು ದೊಡ್ಡದು, ಕಾಡು, ಇರುಳು, ಅಲೆದಾಟ, ಸಾವು ಇವೆಲ್ಲ ಹಾಡಿಗೆ ಯೋಗ್ಯ ಎಂಬ ನಂಬಿಕೆಯೇ ಅದರ ಬೇರು. ಕವಿಗಳಲ್ಲಿ ಹುಟ್ಟಿದ ಈ ಗಾಳಿ ಸಂಗೀತಗಾರರ ಮನೆಗೆ ನುಗ್ಗಿ ಏನು ಮಾಡಿತು ಎಂಬ ಕಥೆ ಮಾತ್ರ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ.

ಅದಕ್ಕೆ ಮುಂಚೆ ಯೂರೋಪಿನ ಸಂಗೀತಗಾರ ಬಹುಮಟ್ಟಿಗೆ ಯಾರದೋ ಆಳು. ಹೈಡನ್‌ನಂಥ ಘನವಿದ್ವಾಂಸ 1761ರಲ್ಲಿ ಎಸ್ಟರ್‌ಹಾಜಿ ಎಂಬ ಶ್ರೀಮಂತರ ಮನೆಗೆ ಸೇರಿದಾಗ ಬರೆದುಕೊಟ್ಟ ಕರಾರಿನಲ್ಲಿ, ಬಿಳಿ ಕಾಲುಚೀಲ ತೊಟ್ಟು ಶುಚಿಯಾಗಿ ಹಾಜರಾಗತಕ್ಕದ್ದು ಎಂಬ ಷರತ್ತೂ ಇತ್ತು. ಬೀಥೋವನ್ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿದ. ಆತ ಯಾರ ಸಮವಸ್ತ್ರವನ್ನೂ ತೊಡಲಿಲ್ಲ. ತನ್ನೊಳಗಿನ ಜಗಳವನ್ನೇ ಸಿಂಫನಿಯಾಗಿ ಬರೆದ. 1827ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಅವನ ಶವಯಾತ್ರೆ ಹೊರಟಾಗ ಬೀದಿಗಳಲ್ಲಿ ಸಾವಿರಾರು ಜನ ಸೇರಿದ್ದರು. ಪಂಜು ಹಿಡಿದು ನಡೆದವರಲ್ಲಿ ಕನ್ನಡಕ ಹಾಕಿಕೊಂಡ, ಗಿಡ್ಡನೆಯ, ಮೂವತ್ತು ವರ್ಷದ ಒಬ್ಬ ಯುವಕನಿದ್ದ. ಹೆಸರು ಫ್ರಾಂಟ್ಸ್ ಶೂಬರ್ಟ್. ಮರುವರ್ಷ ನವೆಂಬರ್‌ನಲ್ಲಿ ಅವನದೇ ಶವಯಾತ್ರೆ.

ಮುಂದೆ ಹೋಗುವ ಮೊದಲು, ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಸಂಗೀತ ಯಾಕೆ ಮೊದಲಿಗೆ ಗದ್ದಲವೆನಿಸುತ್ತದೆ ಎಂಬುದನ್ನು ನೋಡಬೇಕು. ಅಲ್ಲಿ ಆಲಾಪನೆಯಿಲ್ಲ, ಗಮಕವಿಲ್ಲ. ಪಿಯಾನೊದ ತಂತಿಗೆ ಸುತ್ತಿಗೆ ಬಡಿದ ಮೇಲೆ ಆ ಸ್ವರವನ್ನು ಜಾರಿಸುವಂತಿಲ್ಲ, ಕಂಪಿಸುವಂತಿಲ್ಲ. ಅದು ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಅದರ ಬದಲಿಗೆ ಅಲ್ಲಿರುವುದು ಹಲವು ಸ್ವರಗಳನ್ನು ಒಟ್ಟಿಗೇ ನುಡಿಸುವ ಹಾರ್ಮನಿ. ನಮ್ಮ ಕಡೆ ತಂಬೂರಿ ಕಛೇರಿಯುದ್ದಕ್ಕೂ ಷಡ್ಜವನ್ನು ಅಲುಗದಂತೆ ಹಿಡಿದಿಡುತ್ತದೆ. ಅಲ್ಲಿ ಆ ಆಧಾರ ಷಡ್ಜವೇ ಊರು ಬಿಟ್ಟು ಹೊರಡುತ್ತದೆ. ಗ್ರಹಭೇದ ಮಾಡುವ ವಿದ್ವಾಂಸರು ಅರೆಗಳಿಗೆ ತೋರಿಸುವ ಚಮತ್ಕಾರ ಅಲ್ಲಿ ದಿನದ ಊಟ. ಹೊರಟ ಷಡ್ಜ ಎಲ್ಲೆಲ್ಲೋ ಸುತ್ತಿ ಮತ್ತೆ ಮನೆಗೆ ಮರಳಿದಾಗ ಕೇಳುಗನಿಗೆ ಒಂದು ಸಮಾಧಾನ. ಹೈಡನ್, ಮೊಜಾರ್ಟ್ ಕಾಲದಲ್ಲಿ ಈ ಪ್ರಯಾಣಕ್ಕೆ ಹೊತ್ತುಗೊತ್ತು ಇತ್ತು. ರಮ್ಯಯುಗದವರು ದಾರಿಯನ್ನು ಉದ್ದ ಮಾಡುತ್ತಾ ಹೋದರು. ದೂರದೂರಿಗೆ ಕರೆದೊಯ್ದು, ಕತ್ತಲಾದ ಮೇಲೂ ಹಿಂತಿರುಗದೆ, ಮನೆ ಎಲ್ಲಿದೆಯೆಂಬುದನ್ನೇ ಮರೆಸಿದರು. ವಾಗ್ನರ್‌ನ ‘ಟ್ರಿಸ್ಟಾನ್ ಉಂಡ್ ಇಸೋಲ್ಡ’ ಎಂಬ ಸಂಗೀತ ನಾಟಕ 1865ರಲ್ಲಿ ಮ್ಯೂನಿಕ್‌ನಲ್ಲಿ ರಂಗಕ್ಕೇರಿತು. ಅದರ ಮೊದಲ ಕೆಲವು ಕ್ಷಣಗಳಲ್ಲಿ ಎತ್ತಿದ ಒಂದು ತಳಮಳ ಇಳಿದು ನೆಲೆಗೆ ಬರುವುದು ಸುಮಾರು ನಾಲ್ಕು ಗಂಟೆಯ ನಂತರ, ನಾಯಕಿ ಸಾಯುವಾಗ. ಕೇಳುಗನ ಸಹನೆಯನ್ನು ಹೀಗೆ ಒರೆಗೆ ಹಚ್ಚಿದ್ದು ಸರಿಯೇ ಎಂಬ ಜಗಳ ಯೂರೋಪಿನಲ್ಲಿ ಬಹಳ ಕಾಲ ನಡೆಯಿತು.

ಆದರೆ ಹೊಸಬರು ವಾಗ್ನರ್‌ನಿಂದ ಶುರು ಮಾಡಬಾರದು. ಶೂಬರ್ಟ್‌ನ ಹಾಡುಗಳಿಂದ ಶುರು ಮಾಡಬೇಕು. ಬದುಕಿದ್ದು 31 ವರ್ಷ, ಬರೆದದ್ದು 600ಕ್ಕೂ ಹೆಚ್ಚು ಹಾಡು. ಜರ್ಮನ್ ಭಾಷೆಯಲ್ಲಿ ಇವಕ್ಕೆ ‘ಲೀಡ್’ ಎಂದು ಹೆಸರು. ಒಬ್ಬ ಕವಿಯ ಪದ್ಯ, ಒಂದು ಕಂಠ, ಒಂದು ಪಿಯಾನೊ, ಅಷ್ಟೆ. ಕನ್ನಡದಲ್ಲಿ ಭಾವಗೀತೆಗೆ ರಾಗ ಹಾಕಿ ಹಾಡುವ ಸುಗಮ ಸಂಗೀತವನ್ನು ಕೇಳಿದವರಿಗೆ ಇದರ ಜಾಡು ಹಿಡಿಯುವುದು ಸುಲಭ. ವ್ಯತ್ಯಾಸವೆಂದರೆ ಇಲ್ಲಿ ಪಿಯಾನೊ ಬರಿಯ ಪಕ್ಕವಾದ್ಯವಲ್ಲ. ಅದೂ ಒಂದು ಪಾತ್ರ.

1814ರ ಅಕ್ಟೋಬರ್ 19ರಂದು, ಇನ್ನೂ 17 ವರ್ಷದ ಶೂಬರ್ಟ್ ಗಯಟೆಯ ‘ಫೌಸ್ಟ್’ ನಾಟಕದ ಒಂದು ಪದ್ಯಕ್ಕೆ ಸಂಗೀತ ಬರೆದ. ಪ್ರಿಯನನ್ನು ನೆನೆಯುತ್ತಾ ಗ್ರೆಟ್ಚೆನ್ ಎಂಬ ಹುಡುಗಿ ರಾಟೆಯಲ್ಲಿ ನೂಲುತ್ತಿದ್ದಾಳೆ. ಪಿಯಾನೊದ ಬಲಗೈ ರಾಟೆಯ ಚಕ್ರ, ಎಡಗೈ ಅದನ್ನು ತುಳಿಯುವ ಕಾಲು. ಹಾಡು ಸಾಗಿದಂತೆ ನೆನಪು ಕಾವೇರುತ್ತದೆ. ಅವನು ಕೊಟ್ಟ ಮುತ್ತಿನ ನೆನಪು ಬರುತ್ತಲೇ ರಾಟೆ ತಟ್ಟನೆ ನಿಲ್ಲುತ್ತದೆ. ಒಂದು ಮೌನ. ಆಮೇಲೆ ಚಕ್ರ ತಡವರಿಸುತ್ತಾ ಒಮ್ಮೆ, ಮತ್ತೊಮ್ಮೆ ತಿರುಗಲು ನೋಡಿ, ಕೊನೆಗೆ ಹಳೆಯ ಓಟಕ್ಕೆ ಮರಳುತ್ತದೆ. ಜರ್ಮನ್ ಒಂದು ಅಕ್ಷರ ಬಾರದವರಿಗೂ ಇದು ಗೊತ್ತಾಗುತ್ತದೆ. ಮರುವರ್ಷ ಬರೆದ ‘ಏರ್ಲ್‌ಕೋನಿಗ್’ನಲ್ಲಿ ಜ್ವರದ ಮಗನನ್ನು ಅಪ್ಪಿಕೊಂಡು ಇರುಳಲ್ಲಿ ಕುದುರೆ ಓಡಿಸುವ ತಂದೆ, ಮಗುವನ್ನು ಕರೆಯುವ ಪಿಶಾಚರಾಜ. ಒಬ್ಬನೇ ಗಾಯಕ ನಾಲ್ಕು ದನಿಯಲ್ಲಿ ಹಾಡಬೇಕು; ಪಿಯಾನೊದವನ ಬಲಗೈ ಕುದುರೆಯ ಗೊರಸಾಗಿ ಓಡುತ್ತಲೇ ಇರಬೇಕು, ಮಣಿಕಟ್ಟು ಬಿದ್ದುಹೋಗುವಷ್ಟು. ಗೆಳೆಯರು 1816ರಲ್ಲಿ ಈ ಹಾಡುಗಳ ಕಟ್ಟನ್ನು ಗಯಟೆಗೇ ಕಳಿಸಿದರು. ಮಹಾಕವಿ ಉತ್ತರ ಬರೆಯದೆ ಕಟ್ಟನ್ನು ವಾಪಸು ಕಳಿಸಿದ.

ಕೊನೆಯ ದಿನಗಳಲ್ಲಿ ಶೂಬರ್ಟ್ ‘ವಿಂಟರ್‌ರೈಸ’ ಎಂಬ 24 ಹಾಡುಗಳ ಮಾಲೆಯ ಅಚ್ಚಿನ ಕರಡು ತಿದ್ದುತ್ತಾ ಮಲಗಿದ್ದ. ಹುಡುಗಿ ಕೈಬಿಟ್ಟ ಒಬ್ಬ ಚಳಿಗಾಲದಲ್ಲಿ ಊರು ಬಿಟ್ಟು ಹಿಮದಲ್ಲಿ ನಡೆಯುತ್ತಾ ಹೋಗುವುದೇ ಇಡೀ ಮಾಲೆ. ಆಪ್ತ ಗೆಳೆಯರಿಗೂ ಅದರ ಕತ್ತಲು ಹಿಡಿಸಲಿಲ್ಲ. ಕೊನೆಯ ಹಾಡಿನಲ್ಲಿ ಊರಾಚೆ ಬರಿಗಾಲಲ್ಲಿ ನಿಂತು ವಾದ್ಯ ತಿರುವುವ ಮುದುಕನೊಬ್ಬ ಸಿಗುತ್ತಾನೆ. ಅವನ ತಟ್ಟೆಯಲ್ಲಿ ಒಂದು ಕಾಸೂ ಇಲ್ಲ. ಇಲ್ಲಿ ಕನ್ನಡದ ಕೇಳುಗರು ಕಿವಿ ನಿಮಿರಿಸಬೇಕು: ಪಿಯಾನೊದ ಎಡಗೈ ಹಾಡಿನುದ್ದಕ್ಕೂ ಷಡ್ಜ ಪಂಚಮಗಳನ್ನು ಮಾತ್ರ ಹಿಡಿದು ಕೂರುತ್ತದೆ. ಊರೂರು ತಿರುಗಿದ ಷಡ್ಜ ಕಡೆಗೆ ಒಂದು ಕಡೆ ನಿಂತುಬಿಟ್ಟಿದೆ, ತಂಬೂರಿಯ ಹಾಗೆ. ಅಲ್ಲಿ ಅದು ಶಾಂತಿಯಲ್ಲ, ಹೆಪ್ಪುಗಟ್ಟಿದ ಬದುಕು.

ಶೂಬರ್ಟ್ ಸತ್ತಾಗ ಅವನ ದೊಡ್ಡ ಕೃತಿಗಳಲ್ಲಿ ಬಹುಪಾಲು ಪೆಟ್ಟಿಗೆಗಳಲ್ಲಿದ್ದವು. ಎರಡೇ ಭಾಗ ಬರೆದು ಬಿಟ್ಟ ‘ಅಪೂರ್ಣ’ ಸಿಂಫನಿ ಗೆಳೆಯನೊಬ್ಬನ ಬಳಿ ಬಿದ್ದಿದ್ದು, ಲೋಕಕ್ಕೆ ಕೇಳಿಸಿದ್ದು 1865ರಲ್ಲಿ. ಇನ್ನೊಂದು ದೊಡ್ಡ ಸಿಂಫನಿಯ ಕಥೆಯಂತೂ ನೇರವಾಗಿ ಒಂದು ಪ್ರೇಮಪ್ರಕರಣಕ್ಕೆ ಹೊಂದಿಕೊಂಡಿದೆ. 1838ರ ಕೊನೆಗೆ ರಾಬರ್ಟ್ ಶೂಮನ್ ಎಂಬ ಪತ್ರಿಕೆ ನಡೆಸುವ ಯುವಕ ಲೈಪ್‌ಸಿಗ್‌ನಿಂದ ವಿಯೆನ್ನಾಕ್ಕೆ ಬಂದ. ಪತ್ರಿಕೆಯನ್ನು ಅಲ್ಲಿಗೆ ವರ್ಗಾಯಿಸಿ, ನಾಲ್ಕು ಕಾಸು ಸಂಪಾದಿಸಿ, ತಾನು ಒಲಿದ ಹುಡುಗಿಯನ್ನು ಕರೆತಂದು ಸಂಸಾರ ಹೂಡಬೇಕೆಂಬುದು ಅವನ ಆಸೆ. ಆ ಆಸೆ ಕೈಗೂಡಲಿಲ್ಲ. ಆದರೆ ಹೋದ ದಾರಿಯಲ್ಲಿ ಶೂಬರ್ಟ್‌ನ ಅಣ್ಣ ಫರ್ಡಿನಾಂಡನ ಮನೆಗೆ ಹೋಗಿ ಹಳೆಯ ಕಾಗದಗಳ ರಾಶಿ ಕೆದಕಿದಾಗ, ಯಾರೂ ಕೇಳದ ಒಂದು ಮಹಾ ಸಿಂಫನಿ ಸಿಕ್ಕಿತು. ಅದನ್ನು ಲೈಪ್‌ಸಿಗ್‌ಗೆ ಕಳಿಸಿದ. ಗೆಳೆಯ ಮೆಂಡೆಲ್ಸನ್ 1839ರ ಮಾರ್ಚ್ 21ರಂದು ಅದನ್ನು ನುಡಿಸಿದ. ಶೂಬರ್ಟ್ ಸತ್ತು ಹತ್ತು ವರ್ಷ ದಾಟಿತ್ತು.

ಶೂಮನ್ ಒಲಿದ ಹುಡುಗಿ ಕ್ಲಾರಾ ವೀಕ್. ಹುಟ್ಟಿದ್ದು 1819, ತೀರಿಕೊಂಡದ್ದು 1896. ರಮ್ಯಯುಗದ ಉದ್ದಗಲವನ್ನು ಒಂದೇ ಬಾಳಿನಲ್ಲಿ ಅಳೆಯಬೇಕೆಂದರೆ ಕ್ಲಾರಾಳಿಗಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ.

ಅಪ್ಪ ಫ್ರೀಡ್ರಿಷ್ ವೀಕ್ ಪಿಯಾನೊ ಮೇಷ್ಟ್ರು. ಪಿಯಾನೊ ಮಾರಾಟವೂ ಉಂಟು. ಮಗಳು ಹುಟ್ಟಿದಾಗಲೇ ಇವಳನ್ನು ದೊಡ್ಡ ಕಲಾವಿದೆ ಮಾಡುತ್ತೇನೆಂದು ಹಟ ತೊಟ್ಟವನು. ಒಂಬತ್ತನೆಯ ವಯಸ್ಸಿಗೆ ಲೈಪ್‌ಸಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಅವಳನ್ನು ವೇದಿಕೆಗೇರಿಸಿದ. ಹದಿನೆಂಟರಲ್ಲಿ ವಿಯೆನ್ನಾದ ಅರಮನೆ ಅವಳಿಗೆ ಬಿರುದು ಕೊಟ್ಟಿತು. ಸ್ವರಲಿಪಿಯ ಹಾಳೆ ಎದುರಿಗಿಟ್ಟುಕೊಳ್ಳದೆ ಬಾಯಿಪಾಠದಿಂದ ಕಛೇರಿ ನಡೆಸಿದ ಮೊದಲಿಗರಲ್ಲಿ ಅವಳೂ ಒಬ್ಬಳು. ಆಗ ಕೆಲವರು ಇದನ್ನು ಜಂಬವೆಂದು ಆಡಿಕೊಂಡರಂತೆ! ಕೃತಿಗಳನ್ನು ಪುಸ್ತಕ ನೋಡಿ ಹಾಡಿದರೆ ಮೂಗು ಮುರಿಯುವ ದಕ್ಷಿಣದ ರಸಿಕರಿಗೆ ಇದು ನಗು ತರಿಸೀತು. ಅವಳು ಬರೀ ನುಡಿಸುವವಳಲ್ಲ. ಹದಿಮೂರರ ಸುಮಾರಿಗೆ ಶುರು ಮಾಡಿದ ತನ್ನ ಪಿಯಾನೊ ಕಾನ್ಚೆರ್ಟೊವನ್ನು ಹದಿನಾರರಲ್ಲಿ, 1835ರ ನವೆಂಬರ್‌ನಲ್ಲಿ, ಮೆಂಡೆಲ್ಸನ್ ನಿರ್ದೇಶನದಲ್ಲಿ ತಾನೇ ನುಡಿಸಿದಳು.

ರಾಬರ್ಟ್ ಈ ಮನೆಗೆ ಶಿಷ್ಯನಾಗಿ ಬಂದದ್ದು 1830ರಲ್ಲಿ, ಕಾನೂನು ಓದುವುದನ್ನು ಬಿಟ್ಟು. ಬಲಗೈ ಬೆರಳು ಕೆಟ್ಟು ವಾದಕನಾಗುವ ಕನಸು ಮುರಿಯಿತು. ಉಳಿದದ್ದು ಬರೆಯುವುದು, ಸಂಗೀತ ಮತ್ತು ವಿಮರ್ಶೆ ಎರಡನ್ನೂ. ಮಗುವಾಗಿದ್ದ ಕ್ಲಾರಾ ಬೆಳೆದಂತೆ ಅವರಿಬ್ಬರ ನಡುವೆ ಪ್ರೀತಿ ಬೆಳೆಯಿತು. ವೀಕ್ ಕೆರಳಿದ. ಹತ್ತಾರು ವರ್ಷ ತಿದ್ದಿ ತೀಡಿದ ಮಗಳನ್ನು ಬೆರಳು ಕೆಟ್ಟ, ಕೈಯಲ್ಲಿ ಕಾಸಿಲ್ಲದ ಬರಹಗಾರನಿಗೆ ಕೊಡುವುದೇ? ಪತ್ರ ಬರೆಯಬಾರದು, ಭೇಟಿಯಾಗಬಾರದು. ಹುಡುಗ ಕುಡುಕನೆಂದು ಊರೆಲ್ಲ ದೂರಿದ. ಕಡೆಗೆ ಮಗಳು ಅಪ್ಪನ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅನುಮತಿ ಸಿಕ್ಕಿ, 1840ರ ಸೆಪ್ಟೆಂಬರ್ 12ರಂದು ಲೈಪ್‌ಸಿಗ್ ಪಕ್ಕದ ಹಳ್ಳಿಯ ಚರ್ಚಿನಲ್ಲಿ ಮದುವೆ ನಡೆಯಿತು. ಮರುದಿನ ಅವಳಿಗೆ 21 ತುಂಬುತ್ತಿತ್ತು; ಆಮೇಲೆ ಅಪ್ಪನ ಒಪ್ಪಿಗೆಯೇ ಬೇಕಿರಲಿಲ್ಲ. ಒಂದು ದಿನ ಕಾಯದೆ ಮದುವೆಯಾದದ್ದರಲ್ಲಿ ಇಬ್ಬರ ಛಲವೂ ಕಾಣುತ್ತದೆ.

ಆ ಕಾದಾಟದ ವರ್ಷ ರಾಬರ್ಟ್‌ನಿಂದ 130ಕ್ಕೂ ಹೆಚ್ಚು ಹಾಡುಗಳು ಸುರಿದುಬಂದವು. ಮೇ ತಿಂಗಳಲ್ಲಿ ಐಶೆನ್‌ಡಾರ್ಫ್ ಎಂಬ ಕವಿಯ ಹನ್ನೆರಡು ಪದ್ಯಗಳು, ಅದರ ಬೆನ್ನಿಗೇ ಹೈನೆಯ ಹದಿನಾರು ಪದ್ಯಗಳ ‘ಡಿಷ್ಟರ್‌ಲೀಬ’. ಈ ಎರಡನೆಯ ಮಾಲೆಯ ಮೊದಲ ಹಾಡು ಕೇಳಿ ನೋಡಬೇಕು. ಅದು ಮುಗಿಯುವುದೇ ಇಲ್ಲ. ಮನೆಯ ಬಾಗಿಲ ತನಕ ಬಂದ ಷಡ್ಜ ಒಳಗೆ ಕಾಲಿಡದೆ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಮದುವೆಯ ಅನುಮತಿಗೆ ಕಾಯುತ್ತಿದ್ದವನ ಸಂಗೀತ ಅದು ಎಂದರೆ ಪಂಡಿತರು ಒಪ್ಪಲಿಕ್ಕಿಲ್ಲ, ಕಿವಿ ಒಪ್ಪುತ್ತದೆ. ಕೊನೆಯ ಹಾಡಿನಲ್ಲಿ ಕಂಠ ನಿಂತ ಮೇಲೂ ಪಿಯಾನೊ ಒಂದೇ ಬಹಳ ಹೊತ್ತು ಮಾತಾಡುತ್ತಿರುತ್ತದೆ.

ಮದುವೆಯಾದ ಮೇಲೆ? ಮನೆಯಲ್ಲಿ ಪಿಯಾನೊ ಇತ್ತು, ಆದರೆ ಗೋಡೆಗಳು ತೆಳು. ಗಂಡ ಬರೆಯಲು ಕುಳಿತಾಗ ಹೆಂಡತಿ ಅಭ್ಯಾಸ ಮಾಡುವಂತಿರಲಿಲ್ಲ. ಎಂಟು ಮಕ್ಕಳು ಹುಟ್ಟಿದರು. ಸಂಸಾರ ತೂಗಿಸಲು ನಡುನಡುವೆ ಕಛೇರಿಗೆ ಹೊರಟವಳೂ ಅವಳೇ. 1844ರಲ್ಲಿ ಚಳಿಯಲ್ಲಿ ರಷ್ಯಾ ತನಕ ಹೋಗಿ ಬಂದಳು. 1849ರಲ್ಲಿ ಡ್ರೆಸ್ಡನ್ ನಗರದಲ್ಲಿ ದಂಗೆಯೆದ್ದು, ದಂಗೆಕೋರರು ಮನೆಮನೆಗೆ ಬಂದು ಗಂಡಸರನ್ನು ಸೇರಿಸಿಕೊಳ್ಳತೊಡಗಿದಾಗ, ಗಂಡನನ್ನೂ ಹಿರಿಯ ಮಗಳನ್ನೂ ಹಿಂಬಾಗಿಲಿಂದ ಪಾರು ಮಾಡಿದ ಕ್ಲಾರಾ, ತುಂಬು ಬಸುರಿ, ಮತ್ತೆ ಹೊಲಗಳ ನಡುವೆ ನಡೆದು ಊರೊಳಗೆ ಹೋಗಿ ಉಳಿದ ಮಕ್ಕಳನ್ನು ಕರೆತಂದಳು. ರಚನೆಯ ವಿಷಯದಲ್ಲಿ ಮಾತ್ರ ಅವಳ ಧೈರ್ಯ ಕುಸಿಯುತ್ತಿತ್ತು. ಮದುವೆಗೆ ಮುಂಚೆಯೇ, ಹೆಣ್ಣಾದವಳು ಸಂಗೀತ ರಚಿಸಲು ಆಸೆಪಡಬಾರದು, ಹಿಂದೆ ಯಾರೂ ಅದನ್ನು ಸಾಧಿಸಿಲ್ಲ, ತಾನೊಬ್ಬಳು ಹೇಗೆ ಸಾಧಿಸಿಯೇನು ಎಂಬರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಳು. ಆದರೂ 1846ರಲ್ಲಿ ಬರೆದ ಪಿಯಾನೊ ಟ್ರಿಯೊ, ಅಂದರೆ ಪಿಯಾನೊ, ಪಿಟೀಲು, ಚೆಲ್ಲೊಗಳ ಮೂರಾಳಿನ ಕೃತಿ, ಗಂಡನ ಎಷ್ಟೋ ರಚನೆಗಳ ಪಕ್ಕದಲ್ಲಿ ತಲೆ ಎತ್ತಿ ನಿಲ್ಲುವಂಥದು.

ಇದು ಅವಳೊಬ್ಬಳ ಪಾಡಲ್ಲ. ಮೆಂಡೆಲ್ಸನ್‌ನ ಅಕ್ಕ ಫ್ಯಾನಿ 450ಕ್ಕೂ ಹೆಚ್ಚು ರಚನೆಗಳನ್ನು ಮಾಡಿದವಳು. ಆ ಮನೆತನದ ಮರ್ಯಾದೆಗೆ ಹೆಣ್ಣಿನ ಹೆಸರು ಅಚ್ಚಾಗುವುದು ಸಲ್ಲದು. ಅವಳ ಕೆಲವು ಹಾಡುಗಳು ತಮ್ಮನ ಹೆಸರಿನಲ್ಲಿ ಹೊರಬಂದವು. 1842ರಲ್ಲಿ ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಮೆಂಡೆಲ್ಸನ್‌ನ ಸಂಗ್ರಹದಿಂದ ತನಗಿಷ್ಟವಾದ ಹಾಡೊಂದನ್ನು ಆರಿಸಿ ಹಾಡಿದಳು. ಅದು ಅಕ್ಕನದು ಎಂದು ತಮ್ಮ ಆಗ ಒಪ್ಪಿಕೊಳ್ಳಬೇಕಾಯಿತು. 1847ರ ಮೇ ತಿಂಗಳಲ್ಲಿ ಫ್ಯಾನಿ ಹಠಾತ್ತನೆ ತೀರಿಕೊಂಡಳು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದ ತಮ್ಮ ನವೆಂಬರ್‌ನಲ್ಲಿ ಹೊರಟುಹೋದ.

1853ರ ಶರತ್ಕಾಲದಲ್ಲಿ, ಡ್ಯುಸೆಲ್‌ಡಾರ್ಫ್‌ನಲ್ಲಿದ್ದ ಶೂಮನ್ ದಂಪತಿಯ ಬಾಗಿಲು ತಟ್ಟಿದವನು ಇಪ್ಪತ್ತು ವರ್ಷದ ಯೊಹಾನೆಸ್ ಬ್ರಾಮ್ಸ್. ಹ್ಯಾಂಬರ್ಗ್‌ನ ಬಡ ವಾದ್ಯಗಾರನ ಮಗ. ಪಿಯಾನೊ ಮುಂದೆ ಕೂತು ತನ್ನ ರಚನೆ ನುಡಿಸತೊಡಗಿದ ಅವನನ್ನು ಅರ್ಧಕ್ಕೇ ನಿಲ್ಲಿಸಿ ರಾಬರ್ಟ್ ಕ್ಲಾರಾಳನ್ನು ಕೂಗಿ ಕರೆದ. ಕೆಲವೇ ವಾರಗಳಲ್ಲಿ, ಬರಬೇಕಾದವನು ಬಂದಿದ್ದಾನೆಂದು ಸಾರುವ ಲೇಖನ ಬರೆದ. ಅದೇ ಅವನ ಕೊನೆಯ ದೊಡ್ಡ ವಿಮರ್ಶೆ. ಮರುವರ್ಷ ಫೆಬ್ರವರಿಯಲ್ಲಿ ಅವನ ಕಿವಿಯಲ್ಲಿ ಒಂದೇ ಸ್ವರ ಹಗಲಿರುಳು ಮೊರೆಯತೊಡಗಿತು. ಆಮೇಲೆ ದೇವತೆಗಳು ರಾಗ ಹೇಳಿಕೊಡುತ್ತಿದ್ದಾರೆಂದ; ಆಮೇಲೆ ಅವರೇ ಪಿಶಾಚಿಗಳಾದರೆಂದ. 27ರಂದು, ಊರೆಲ್ಲ ಹಬ್ಬದ ವೇಷ ತೊಟ್ಟು ಕುಣಿಯುತ್ತಿದ್ದಾಗ, ಮನೆಯಿಂದ ಹೊರಬಿದ್ದು ಸೇತುವೆಯಿಂದ ರೈನ್ ನದಿಗೆ ಹಾರಿದ. ಬೆಸ್ತರು ಎತ್ತಿ ಮನೆಗೆ ತಂದರು. ಬಾನ್ ನಗರದ ಬಳಿಯ ಎಂಡೆನಿಷ್‌ನ ಮಾನಸಿಕ ಚಿಕಿತ್ಸಾಲಯಕ್ಕೆ ಹೋಗುತ್ತೇನೆಂದು ಅವನೇ ಕೇಳಿಕೊಂಡ. ಕ್ಲಾರಾ ಆಗ ಮತ್ತೆ ಬಸುರಿ. ರೋಗಿಯ ಮನಸ್ಸು ಕದಡುತ್ತದೆಂದು ವೈದ್ಯರು ಹೆಂಡತಿಯನ್ನು ಒಳಗೆ ಬಿಡಲಿಲ್ಲ, ಒಂದು ದಿನವಲ್ಲ, ಎರಡು ವರ್ಷಕ್ಕೂ ಹೆಚ್ಚು ಕಾಲ. 1856ರ ಜುಲೈ 27ರಂದು ಅವಳಿಗೆ ಗಂಡನ ಮುಖ ಕಂಡಿತು. 29ರಂದು ಆತ ತೀರಿಕೊಂಡ.

ಆ ವರ್ಷಗಳಲ್ಲಿ ಬ್ರಾಮ್ಸ್ ತನ್ನ ಕೆಲಸ ಬಿಟ್ಟು ಅವಳ ಮನೆಯಲ್ಲಿ ನಿಂತು ಮಕ್ಕಳನ್ನು ನೋಡಿಕೊಂಡ, ಮನೆಯ ಲೆಕ್ಕ ಬರೆದಿಟ್ಟ. ತನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಅವಳನ್ನು ಅವನು ಪ್ರೀತಿಸಿದನೆಂಬುದರಲ್ಲಿ ಅನುಮಾನವಿಲ್ಲ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಊಹಿಸಿ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಬರೆದುಕೊಂಡ ಪತ್ರಗಳಲ್ಲಿ ಎಷ್ಟನ್ನೋ ಇಬ್ಬರೂ ನಾಶ ಮಾಡಿದ್ದಾರೆ, ಆದ್ದರಿಂದ ಊಹೆಗೆ ಬರವಿಲ್ಲ. ಗೊತ್ತಿರುವುದು ಇಷ್ಟು: 1868ರ ಸೆಪ್ಟೆಂಬರ್‌ನಲ್ಲಿ, ಅವಳ ಹುಟ್ಟುಹಬ್ಬದ ಹಿಂದಿನ ದಿನ, ಬ್ರಾಮ್ಸ್ ಆಲ್ಪ್ಸ್ ಬೆಟ್ಟಗಳಿಂದ ಒಂದು ಪುಟ್ಟ ರಾಗ ಬರೆದು ಕಳಿಸಿದ, ದನಗಾಹಿಗಳ ಕಹಳೆಯ ರಾಗ. ಎಂಟು ವರ್ಷದ ನಂತರ ಅವನ ಮೊದಲ ಸಿಂಫನಿ ಹೊರಬಂದಾಗ, ಅದರ ಕೊನೆಯ ಭಾಗದಲ್ಲಿ ಕತ್ತಲು ಹರಿದು ಬೆಳಕಾಗುವ ಗಳಿಗೆಯಲ್ಲಿ ಹಾರ್ನ್ ವಾದ್ಯ ಅದೇ ರಾಗವನ್ನು ಊದಿತು. ಸಭೆಯಲ್ಲಿದ್ದವರಿಗೆಲ್ಲ ಅದು ಸುಂದರ ಸಂಗೀತ. ಒಬ್ಬಳಿಗೆ ಮಾತ್ರ ಹಳೆಯ ಕಾಗದ.

ಕ್ಲಾರಾ ಆಮೇಲೆ ನಲವತ್ತು ವರ್ಷ ಬದುಕಿದಳು. ಹೊಸದಾಗಿ ರಚಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಳು. ಕಪ್ಪು ಉಡುಪು ತೊಟ್ಟು ಊರಿಂದೂರಿಗೆ ರೈಲಿನಲ್ಲಿ ಹೋಗಿ ಗಂಡನ ಸಂಗೀತವನ್ನೂ ಬ್ರಾಮ್ಸ್‌ನ ಸಂಗೀತವನ್ನೂ ನುಡಿಸಿದಳು. ರಾಬರ್ಟ್‌ನ ಸಮಗ್ರ ಕೃತಿಗಳನ್ನು ಸಂಪಾದಿಸಿದಳು. ಫ್ರಾಂಕ್‌ಫರ್ಟ್‌ನ ಸಂಗೀತ ಶಾಲೆಯಲ್ಲಿ ಪಾಠ ಹೇಳಿದಳು. 1828ರಿಂದ 1891ರ ತನಕ ಅವಳು ಕೂಡಿಟ್ಟ ಕಛೇರಿಗಳ ಪಟ್ಟಿಗಳೇ ಸುಮಾರು 1,300 ಇವೆ. ಇಂದು ಪಿಯಾನೊ ಕಛೇರಿಯೆಂದರೆ ಗಂಭೀರವಾಗಿ ಕೂತು, ರಚನಕಾರ ಬರೆದದ್ದಕ್ಕೆ ನಿಷ್ಠೆಯಿಂದ, ಪೂರ್ತಿ ಕೃತಿಗಳನ್ನು ಕಂಠಪಾಠದಿಂದ ನುಡಿಸುವುದು ಎಂಬ ರೂಢಿ ಇದೆಯಲ್ಲ, ಅದರ ಹಿಂದೆ ಅವಳ ಕೈ ದೊಡ್ಡದು. ಜರ್ಮನಿಯ 100 ಮಾರ್ಕ್ ನೋಟಿನ ಮೇಲೆ ಯೂರೊ ಬರುವ ತನಕ ಅವಳ ಚಿತ್ರವಿತ್ತು, ಹಿಂಬದಿಯಲ್ಲಿ ಒಂದು ಪಿಯಾನೊ. ಅವಳ ಸ್ವಂತ ರಚನೆಗಳು ಕಛೇರಿಗಳಿಗೆ ಮರಳಿದ್ದು ಮಾತ್ರ ಇತ್ತೀಚಿನ ದಶಕಗಳಲ್ಲಿ.

ಅವಳ ಕಾಲದ ಮಿಕ್ಕವರನ್ನು ಬಿಟ್ಟರೆ ಪರಿಚಯ ಅರ್ಧವಾದೀತು. ಶೋಪಾಂ 1830ರಲ್ಲಿ ವಾರ್ಸಾ ಬಿಟ್ಟ. ಕೆಲವೇ ವಾರಗಳಲ್ಲಿ ಅಲ್ಲಿ ರಷ್ಯದ ವಿರುದ್ಧ ದಂಗೆಯೆದ್ದು, ಅದು ಮುರಿದುಬಿದ್ದು, ಮತ್ತೆ ತಾಯ್ನಾಡಿಗೆ ಹೋಗಲಾಗಲಿಲ್ಲ. ಪ್ಯಾರಿಸ್‌ನಲ್ಲಿ ಸತ್ತ ಅವನ ಹೃದಯ ಇವತ್ತಿಗೂ ವಾರ್ಸಾದ ಚರ್ಚೊಂದರ ಕಂಬದಲ್ಲಿದೆ. ಸಾಯುವ ಪಿಯಾನೊ ಸ್ವರವನ್ನು ಹಾಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಗಮಕ ಬೇಡುವ ಕಿವಿಗೆ ಇವನ ‘ನಾಕ್ಟರ್ನ್’ಗಳು ಬೇಗ ಒಲಿಯುತ್ತವೆ. ಲಿಸ್ಟ್ ವೇದಿಕೆಯ ಮಾಂತ್ರಿಕ. ಒಬ್ಬನೇ ವಾದಕ ಇಡೀ ಸಂಜೆ ನಡೆಸುವ ಕಛೇರಿಯನ್ನು ರೂಢಿಗೆ ತಂದವನು. ಹೆಂಗಸರು ಅವನ ಕೈಗವಸಿಗೆ ಕಿತ್ತಾಡಿದರೆಂಬ ಕಥೆಗಳಿಗಿಂತ ವಯಸ್ಸಾದ ಮೇಲೆ ಬರೆದ ಅವನ ಮಿತಭಾಷಿ ಪಿಯಾನೊ ತುಣುಕುಗಳು ಹೆಚ್ಚು ಬೆಲೆಯುಳ್ಳವು. ಫ್ರಾನ್ಸಿನ ಬರ್ಲಿಯೋಜ್ 1827ರಲ್ಲಿ ಷೇಕ್ಸ್‌ಪಿಯರ್ ನಾಟಕದಲ್ಲಿ ಒಫೀಲಿಯಾ ಪಾತ್ರ ಮಾಡಿದ ಹ್ಯಾರಿಯೆಟ್ ಸ್ಮಿತ್‌ಸನ್‌ಳನ್ನು ಕಂಡು ಹುಚ್ಚಾದ. ಅವಳು ತಿರುಗಿಯೂ ನೋಡದಿದ್ದಾಗ, ಪ್ರೇಮಿಯೊಬ್ಬ ಅಫೀಮು ತಿಂದು ತನ್ನ ನಲ್ಲೆಯನ್ನು ಕೊಂದಂತೆ, ಗಲ್ಲಿಗೇರಿದಂತೆ ಕನಸು ಕಾಣುವ ‘ಸಿಂಫೊನಿ ಫಾಂಟಾಸ್ಟಿಕ್’ ಬರೆದ, ಅದು 1830ರಲ್ಲಿ. 1833ರಲ್ಲಿ ಅವರಿಬ್ಬರ ಮದುವೆಯೂ ಆಯಿತು. ಸುಖವಾಗಿರಲಿಲ್ಲ. ಕನಸಿನಲ್ಲಿ ಕೊಂದವಳ ಜತೆ ಸಂಸಾರ ಮಾಡುವುದು ಯಾರಿಗಾದರೂ ಕಷ್ಟವೇ.

ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯಲ್ಲಿ ಬ್ರಾಮ್ಸ್ ಪಕ್ಷ, ವಾಗ್ನರ್ ಪಕ್ಷ ಎಂದು ಎರಡಾಗಿ ಹೊಡೆದಾಡಿದರು. ಸಣ್ಣ ದೇಶಗಳು ತಮ್ಮ ಹಾಡನ್ನು ಹುಡುಕಿಕೊಂಡವು. ಬೊಹೀಮಿಯಾದ ಸ್ಮೆಟಾನಾ 1874ರಲ್ಲಿ ತನ್ನ ನಾಡಿನ ವಲ್ತಾವಾ ನದಿಯನ್ನು ವಾದ್ಯಗಳಲ್ಲಿ ಹರಿಸಿದ. ಆ ಹೊತ್ತಿಗೆ ಅವನ ಎರಡೂ ಕಿವಿ ಪೂರ್ತಿ ಕೆಟ್ಟಿದ್ದವು. ಆ ನದಿಯ ಮೊರೆತವನ್ನು ಅವನು ಕೇಳಲೇ ಇಲ್ಲ. ರಷ್ಯದ ಚೈಕೋವ್‌ಸ್ಕಿಗೆ ಹದಿಮೂರು ವರ್ಷ ಹಣ ಕೊಟ್ಟು ಸಾಕಿದ ನಾಡೆಜ್ಡಾ ಫಾನ್ ಮೆಕ್ ಎಂಬ ಶ್ರೀಮಂತ ವಿಧವೆ ಹಾಕಿದ ಷರತ್ತು ಒಂದೇ: ಇಬ್ಬರೂ ಭೇಟಿಯಾಗಕೂಡದು.

ಪೋಷಕರ ಮಾತು ಬಂದಾಗ ಮತ್ತೆ ಮೈಸೂರಿಗೆ ಬರಬೇಕು. ಜಯಚಾಮರಾಜ ಒಡೆಯರಿಗೆ ಎಳೆಯದರಲ್ಲಿ ಪಿಯಾನೊ ವಾದಕರಾಗುವ ಹಂಬಲವಿತ್ತು. 1940ರಲ್ಲಿ ತಂದೆ ಯುವರಾಜರೂ ದೊಡ್ಡಪ್ಪ ನಾಲ್ವಡಿಯವರೂ ಒಬ್ಬರ ಹಿಂದೊಬ್ಬರು ತೀರಿಕೊಂಡು, ಇಪ್ಪತ್ತೊಂದರ ಹರೆಯಕ್ಕೆ ಪಟ್ಟ ಹೆಗಲೇರಿತು. ಪಿಯಾನೊ ಹಿಂದೆ ಬಿತ್ತು, ಕಿವಿ ಬೀಳಲಿಲ್ಲ. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನನ್ನು ಲೋಕ ಮರೆತಿತ್ತು. ರಮ್ಯಯುಗದ ಭಾಷೆಯನ್ನೇ ಹಿಡಿದು ಕೂತ ಹಳಬನೆಂದು ಬದಿಗೆ ಸರಿಸಿತ್ತು. ಹೃದ್ರೋಗ, ಬಡತನ. ಒಡೆಯರ ಹಣದಿಂದ 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿ, ಮುದುಕ ಮೆಟ್ನರ್ ತನ್ನ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ತನ್ನ ಕೈಯಾರೆ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿಹೋದ. 1951ರಲ್ಲಿ ಆತ ಸತ್ತ. ಅವನ ಮೂರನೆಯ ಕಾನ್ಚೆರ್ಟೊದ ಅರ್ಪಣೆಯ ಪುಟದಲ್ಲಿ ಮೈಸೂರು ಮಹಾರಾಜರ ಹೆಸರಿದೆ.

ಇನ್ನು ಆ ಲಂಡನ್ ಸಂಜೆ. ಅಂದಿನ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಕರಕರ ಸದ್ದು ಬಹಳ, ಆದರೂ ಫ್ಲಾಗ್‌ಸ್ಟಾಡ್‌ಳ ಕಂಠ ಅದನ್ನು ಸೀಳಿಕೊಂಡು ಬರುತ್ತದೆ. ನಾಲ್ಕನೆಯ ಗೀತೆ ಮುಸ್ಸಂಜೆಯದು. ಬಹುಕಾಲ ಕೈಹಿಡಿದು ನಡೆದ ವೃದ್ಧ ದಂಪತಿ ದಣಿದು ನಿಂತಿದ್ದಾರೆ. ಕತ್ತಲಾಗುತ್ತಿರುವ ಆಕಾಶದಲ್ಲಿ ಎರಡು ಹಕ್ಕಿಗಳು, ಅಂದರೆ ಎರಡು ಕೊಳಲು. ಕಂಠ ಸಾವಿನ ಹೆಸರೆತ್ತಿ ನಿಂತ ಮೇಲೆ, ಸ್ಟ್ರಾಸ್ ತಾನು ಅರವತ್ತು ವರ್ಷದ ಹಿಂದೆ ಸಾವಿನ ಕುರಿತು ಬರೆದ ಕೃತಿಯೊಂದರ ರಾಗವನ್ನು ವಾದ್ಯವೃಂದ ಮೆಲ್ಲಗೆ ನೆನೆಯುತ್ತದೆ. ಊರೂರು ಅಲೆದ ಷಡ್ಜ ಆಮೇಲೆ ಬಹಳ ನಿಧಾನವಾಗಿ ಮನೆಗೆ ಬರುತ್ತದೆ. ಈ ಪದ್ಯ ಸ್ಟ್ರಾಸ್‌ನ ಕಾಲದ್ದಲ್ಲ. ಬರೆದವನು ಐಶೆನ್‌ಡಾರ್ಫ್, 1840ರ ಮೇ ತಿಂಗಳಲ್ಲಿ ಕ್ಲಾರಾಳಿಗಾಗಿ ಕಾಯುತ್ತಾ ರಾಬರ್ಟ್ ಶೂಮನ್ ಹನ್ನೆರಡು ಪದ್ಯಗಳನ್ನು ಆರಿಸಿಕೊಂಡ ಅದೇ ಕವಿ.